ಕಂಪ್ಯೂಟರ್ ಹೇಗೆ ಶುರುವಾಗುತ್ತದೆ, ಹೊಸ ಸಾಧನವನ್ನು ಹೇಗೆ ಗುರುತಿಸುತ್ತದೆ?

ಸಂಘದ ಕಚೇರಿ, ವಾಚನಾಲಯ, ಕನ್ನಡ ಶಾಲೆ ಎಲ್ಲಿ ಹೋದರೂ ಯಾರೋ ದಾನವಾಗಿ ಕೊಟ್ಟ ಹಳೆಯ ಕಂಪ್ಯೂಟರ್ ಒಂದಾದರೂ ಇರುತ್ತದೆ. ಸದಸ್ಯರ ಪಟ್ಟಿ, ರಾಜ್ಯೋತ್ಸವದ ಫೋಟೋಗಳು, ಹಿರಿಯರು ಹಾಡಿದ ಹಾಡುಗಳ ಧ್ವನಿಮುದ್ರಣ ಎಲ್ಲವೂ ಅದರೊಳಗೇ. ಒಂದು ದಿನ ಗುಂಡಿ ಒತ್ತಿದರೆ ಪರದೆ ಕಪ್ಪು. ಅಂಗಡಿಗೆ ಒಯ್ದರೆ ಸೊಲ್ಲಾಪುರದಲ್ಲಿ ಮರಾಠಿಯಲ್ಲಿ, ಹೊಸೂರಿನಲ್ಲಿ ತಮಿಳಿನಲ್ಲಿ, ಕಾಸರಗೋಡಿನಲ್ಲಿ ಮಲಯಾಳದಲ್ಲಿ, ಆದವಾನಿಯಲ್ಲಿ ತೆಲುಗಿನಲ್ಲಿ ಸಿಗಬಹುದಾದ ಉತ್ತರ ಒಂದೇ: "ಬೋರ್ಡ್ ಹೋಗಿದೆ, ಹೊಸದು ತೆಗೆದುಕೊಳ್ಳಿ." ಕೆಲವೊಮ್ಮೆ ಅದು ನಿಜ. ಎಷ್ಟೋ ಸಲ ಅಲ್ಲ.

ಕಂಪ್ಯೂಟರ್ ಒಂದೇ ಏಟಿಗೆ ಶುರುವಾಗುವುದಿಲ್ಲ. ಒಂದು ಭಾಗ ತನ್ನ ಕೆಲಸ ಮುಗಿಸಿ ಮುಂದಿನದಕ್ಕೆ ಒಪ್ಪಿಸುತ್ತ ಹೋಗುವ ನಾಲ್ಕೈದು ಹಂತಗಳಿವೆ. ಯಾವ ಹಂತದಲ್ಲಿ ನಿಂತಿತು ಎಂದು ನಾವೇ ಹೇಳಬಲ್ಲೆವಾದರೆ, ಕೆಟ್ಟಿದ್ದು ಯಾವುದು, ಒಳಗಿನ ಕಡತಗಳು ಉಳಿದಿವೆಯೇ ಎಂಬುದು ಅರ್ಧ ಗೊತ್ತಾದಂತೆ. ಆ ಹಂತಗಳ ವಿವರ ಇಲ್ಲಿದೆ.

1. ಗುಂಡಿ ಒತ್ತಿದ ಕ್ಷಣ

ಮೊದಲು ಎಚ್ಚರಗೊಳ್ಳುವುದು ಎಸ್‌ಎಂಪಿಎಸ್. ಗೋಡೆಯಿಂದ ಬರುವ 230 ವೋಲ್ಟ್ ವಿದ್ಯುತ್ತನ್ನು ಅದು 12, 5 ಮತ್ತು 3.3 ವೋಲ್ಟ್‌ಗಳಿಗೆ ಇಳಿಸುತ್ತದೆ. ಈ ವೋಲ್ಟೇಜ್‌ಗಳು ಸ್ಥಿರವಾಗುವವರೆಗೆ ಪ್ರೊಸೆಸರ್ ಏನೂ ಮಾಡದಂತೆ ಮದರ್‌ಬೋರ್ಡ್ ಅದನ್ನು ತಡೆದಿಟ್ಟಿರುತ್ತದೆ. ಎಲ್ಲ ಸರಿಯಿದೆ ಎಂದಾಗ ಎಸ್‌ಎಂಪಿಎಸ್ 'ಪವರ್ ಗುಡ್' ಎಂಬ ಸಂಕೇತ ಕೊಡುತ್ತದೆ. ಇದಕ್ಕೆ ಹಿಡಿಯುವ ಸಮಯ ಸೆಕೆಂಡಿನ ಹತ್ತನೇ ಒಂದು ಭಾಗದಿಂದ ಅರ್ಧ ಸೆಕೆಂಡು. ಆಮೇಲೇ ಪ್ರೊಸೆಸರಿಗೆ ಬಿಡುಗಡೆ.

ಫ್ಯಾನ್ ತಿರುಗಿತು ಎಂದರೆ ಎಸ್‌ಎಂಪಿಎಸ್ ಸರಿಯಿದೆ ಎಂದು ತಿಳಿಯಬಾರದು. 12 ವೋಲ್ಟ್ ಬಂದು ಫ್ಯಾನ್ ತಿರುಗುತ್ತಿದ್ದರೂ ಉಳಿದ ವೋಲ್ಟೇಜ್ ಸರಿಯಾಗಿ ಬಾರದಿದ್ದರೆ ಈ ಸಂಕೇತ ಹೋಗುವುದಿಲ್ಲ, ಪ್ರೊಸೆಸರ್ ಕದಲುವುದಿಲ್ಲ. ಬೇರೆ ಕಂಪ್ಯೂಟರಿನ ಎಸ್‌ಎಂಪಿಎಸ್ ಹಾಕಿ ನೋಡುವುದು ಇದಕ್ಕೆ ಸುಲಭದ ಪರೀಕ್ಷೆ. ಕಂಪ್ಯೂಟರ್ ಆರಿಸಿದ್ದರೂ ಪ್ಲಗ್ಗಿನಲ್ಲಿರುವ ತನಕ ಬೋರ್ಡಿನ ಮೇಲೆ 5 ವೋಲ್ಟ್ ಹರಿಯುತ್ತಲೇ ಇರುತ್ತದೆ. ಪೆಟ್ಟಿಗೆ ತೆರೆಯುವ ಮೊದಲು ವೈರನ್ನೇ ಕಿತ್ತುಬಿಡಿ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನಂತೂ ಬಿಚ್ಚಲೇಬೇಡಿ. ವೈರ್ ಕಿತ್ತ ಮೇಲೂ ಅದರೊಳಗೆ ಅಪಾಯದಷ್ಟು ವಿದ್ಯುತ್ ಉಳಿದಿರುತ್ತದೆ.

2. ಬಯಾಸ್ ನಡೆಸುವ ತಪಾಸಣೆ

ಬಿಡುಗಡೆಯಾದ ಪ್ರೊಸೆಸರಿನ ಮುಂದೆ ಬೀಜ ಮೊದಲೋ ವೃಕ್ಷ ಮೊದಲೋ ಎಂಬ ಪ್ರಶ್ನೆ ಇರುತ್ತದೆ. ವಿಂಡೋಸ್ ಇರುವುದು ಡಿಸ್ಕಿನಲ್ಲಿ. ಡಿಸ್ಕ್ ಓದಲು ಒಂದು ಪ್ರೋಗ್ರಾಂ ಬೇಕು. ಆ ಪ್ರೋಗ್ರಾಮನ್ನು ಎಲ್ಲಿಂದ ಓದುವುದು?

ಇದಕ್ಕಾಗಿಯೇ ಮದರ್‌ಬೋರ್ಡಿನ ಮೇಲೆ ವಿದ್ಯುತ್ ಹೋದರೂ ಅಳಿಯದ ಒಂದು ಚಿಕ್ಕ ಚಿಪ್ ಇದೆ. ಅದರಲ್ಲಿರುವ ಪ್ರೋಗ್ರಾಮೇ ಬಯಾಸ್. ಪ್ರೊಸೆಸರ್ ತನ್ನ ಮೊದಲ ಆದೇಶವನ್ನು ಎಲ್ಲಿಂದ ಓದಬೇಕು ಎಂಬುದು ಅದರ ರಚನೆಯಲ್ಲೇ ನಿಗದಿಯಾಗಿದೆ. ಈಗಿನ ಇಂಟೆಲ್, ಎಎಂಡಿ ಪ್ರೊಸೆಸರ್‌ಗಳಲ್ಲಿ ಅದು 4 ಜಿಬಿ ವಿಳಾಸದ ಕೊನೆಗೆ 16 ಬೈಟ್ ಮುಂಚಿನ ಜಾಗ. ಆ ವಿಳಾಸದಲ್ಲಿ ಕೂತಿರುವುದು ರ‍್ಯಾಮ್ ಅಲ್ಲ, ಈ ಚಿಪ್. 1981ರ ಆಗಸ್ಟಿನಲ್ಲಿ ಬಂದ ಐಬಿಎಂ ಪಿಸಿಯಲ್ಲೂ ಲೆಕ್ಕ ಹೀಗೆಯೇ ಇತ್ತು. ಆಗ ವಿಳಾಸಗಳ ಮಿತಿ 1 ಎಂಬಿ, ಅದರ ಕೊನೆಗೆ 16 ಬೈಟ್ ಮುಂಚೆ.

ಬಯಾಸ್ ಮೊದಲು ಮಾಡುವುದು ತಪಾಸಣೆ. ಇದಕ್ಕೆ 'ಪೋಸ್ಟ್' ಎಂಬ ಹೆಸರಿದೆ. ರ‍್ಯಾಮ್ ಪಟ್ಟಿಯ ಮೇಲೆ ಅದರ ಗಾತ್ರ, ವೇಗ, ವೋಲ್ಟೇಜ್ ಬರೆದಿಟ್ಟ ಪುಟ್ಟ ಚಿಪ್ ಒಂದಿರುತ್ತದೆ. ಬಯಾಸ್ ಅದನ್ನು ಓದಿ ರ‍್ಯಾಮನ್ನು ಬಳಕೆಗೆ ಸಿದ್ಧ ಮಾಡುತ್ತದೆ. ನಂತರ ಡಿಸ್ಪ್ಲೇ ಕಾರ್ಡನ್ನು ಹುಡುಕಿ ಪರದೆಯನ್ನು ಬೆಳಗಿಸುತ್ತದೆ. ಮಾನಿಟರ್ ಕೂಡ ತನ್ನ ಪರಿಚಯವನ್ನು 128 ಬೈಟ್‌ಗಳ ಒಂದು ಚೀಟಿಯಲ್ಲಿ ಇಟ್ಟುಕೊಂಡಿರುತ್ತದೆ. ಅದನ್ನು ಓದಿಯೇ ಪರದೆಗೆ ಹೊಂದುವ ಅಳತೆ ಗೊತ್ತಾಗುತ್ತದೆ.

ರ‍್ಯಾಮಿನಲ್ಲೇ ತೊಂದರೆ ಕಂಡರೆ ಅದನ್ನು ತೋರಿಸಲು ಪರದೆ ಇನ್ನೂ ಸಿದ್ಧವಾಗಿರುವುದಿಲ್ಲ. ಆದ್ದರಿಂದ ಬಯಾಸ್ 'ಬೀಪ್' ಎಂದು ಕೂಗಿ ಹೇಳುತ್ತದೆ. ಎಷ್ಟು ಕೂಗಿಗೆ ಯಾವ ಅರ್ಥ ಎಂಬುದು ಬಯಾಸ್ ತಯಾರಕರ ಮೇಲೆ ಹೋಗುತ್ತದೆ. ಅವಾರ್ಡ್ ಬಯಾಸ್‌ನಲ್ಲಿ ಒಂದು ಉದ್ದ, ಎರಡು ಗಿಡ್ಡ ಕೂಗು ಎಂದರೆ ಡಿಸ್ಪ್ಲೇ ಕಾರ್ಡಿನ ತೊಂದರೆ. ಕೂಗುಗಳನ್ನು ಎಣಿಸಿ ಬರೆದುಕೊಳ್ಳಿ, ಮದರ್‌ಬೋರ್ಡಿನ ಕೈಪಿಡಿಯಲ್ಲಿ ಅರ್ಥ ಸಿಗುತ್ತದೆ. ಹೊಸ ಬೋರ್ಡುಗಳಲ್ಲಿ ಸ್ಪೀಕರ್ ಇಲ್ಲದಿದ್ದರೆ ಪುಟ್ಟ ದೀಪಗಳು ಅದೇ ಕೆಲಸ ಮಾಡುತ್ತವೆ.

ಫ್ಯಾನ್ ತಿರುಗಿ, ಪರದೆ ಕಪ್ಪಾಗಿದ್ದರೆ ಮೊದಲ ಅನುಮಾನ ರ‍್ಯಾಮಿನ ಮೇಲೆ ಇರಲಿ. ಕರಾವಳಿಯ ತೇವಕ್ಕೆ, ಬಯಲುಸೀಮೆಯ ಧೂಳಿಗೆ ಅದರ ಚಿನ್ನದ ಬಣ್ಣದ ಅಂಚು ಮಸುಕಾಗುತ್ತದೆ. ವೈರ್ ಕಿತ್ತು, ರ‍್ಯಾಮ್ ತೆಗೆದು, ಆ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, 'ಟಕ್' ಎಂದು ಕೂರುವಂತೆ ಮತ್ತೆ ಹಾಕಿ. ರಿಪೇರಿ ಅಂಗಡಿಗಳಲ್ಲೂ ಮೊದಲು ಮಾಡುವುದು ಇದನ್ನೇ.

3. ನಾಣ್ಯದಂಥ ಬ್ಯಾಟರಿ

ಮದರ್‌ಬೋರ್ಡಿನ ಮೇಲೆ ನಾಣ್ಯದಷ್ಟು ದೊಡ್ಡದಾದ ಬ್ಯಾಟರಿಯೊಂದಿದೆ. ಅದರ ಮೇಲೆ ಸಿಆರ್ 2032 ಎಂದು ಬರೆದಿರುತ್ತದೆ. 3 ವೋಲ್ಟಿನ ಈ ಬ್ಯಾಟರಿ ವಿದ್ಯುತ್ ಇಲ್ಲದಾಗಲೂ ಗಡಿಯಾರವನ್ನು ನಡೆಸುತ್ತದೆ. ಹಳೆಯ ಬೋರ್ಡುಗಳಲ್ಲಿ ಬಯಾಸ್‌ನ ಆಯ್ಕೆಗಳೂ ಇದರ ಬಲದಿಂದಲೇ ಉಳಿದಿರುತ್ತವೆ.

ಬ್ಯಾಟರಿ ಬತ್ತಿದರೆ ಕಾಣುವ ಲಕ್ಷಣಗಳನ್ನು ವೈರಸ್ ಎಂದುಕೊಳ್ಳುವವರೇ ಹೆಚ್ಚು. ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಇಂಟರ್ನೆಟ್ ಇದ್ದರೂ ಬ್ಯಾಂಕಿನ ಪುಟ, ಇಮೇಲ್ ಪುಟ 'ಸುರಕ್ಷಿತವಲ್ಲ' ಎಂದು ತೆರೆಯುವುದಿಲ್ಲ. ಜಾಲತಾಣಗಳ ಪ್ರಮಾಣಪತ್ರಕ್ಕೆ ಆರಂಭ, ಮುಕ್ತಾಯದ ದಿನಾಂಕಗಳಿವೆ. ಕಂಪ್ಯೂಟರಿನ ಲೆಕ್ಕದಲ್ಲಿ ಆ ದಿನ ಇನ್ನೂ ಬಂದೇ ಇಲ್ಲ!

ಈ ಬ್ಯಾಟರಿ ಕಿರಾಣಿ ಅಂಗಡಿಯಲ್ಲೂ ಸಿಗುವಂಥದು, ಅಗ್ಗ. ಆದರೆ ಬದಲಿಸುವ ಮೊದಲು ಎರಡು ಎಚ್ಚರಿಕೆ. ಬಯಾಸ್ ಪುಟ ತೆರೆಯುವಂತಿದ್ದರೆ ಅದರ ಆಯ್ಕೆಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಬ್ಯಾಟರಿ ತೆಗೆದಾಗ 'ಸಾಟಾ ಮೋಡ್' ಎಎಚ್‌ಸಿಐನಿಂದ ಐಡಿಇಗೆ ಬದಲಾದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲಬಹುದು. ಹಾಗಾದರೆ ಆ ಆಯ್ಕೆಯನ್ನು ಹಿಂದಿನಂತೆ ಮಾಡಿದರೆ ಸಾಕು. ಎರಡನೆಯದು, ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದ್ದರೆ ಇಂಥ ಬದಲಾವಣೆಯ ನಂತರ 48 ಅಂಕಿಗಳ ಕೀಲಿ ಕೇಳಬಹುದು. ಅದನ್ನು ಮೊದಲೇ ಹುಡುಕಿ ಕಾಗದದಲ್ಲಿ ಬರೆದಿಡಿ. ಅದು ಇಲ್ಲದೆ ಡಿಸ್ಕಿನೊಳಗಿನದು ಯಾರ ಕೈಗೂ ಸಿಗುವುದಿಲ್ಲ.

4. ಡಿಸ್ಕಿಗೆ ಒಪ್ಪಿಸುವುದು

ತಪಾಸಣೆ ಮುಗಿದ ಮೇಲೆ ಬಯಾಸ್ ತನ್ನ ಪಟ್ಟಿಯಲ್ಲಿರುವ ಕ್ರಮದಲ್ಲಿ ಡಿಸ್ಕ್‌ಗಳನ್ನು ನೋಡುತ್ತದೆ. ಹಳೆಯ ಪದ್ಧತಿಯಲ್ಲಿ ಡಿಸ್ಕಿನ ಮೊದಲ 512 ಬೈಟ್‌ಗಳನ್ನು ಮಾತ್ರ ಓದುತ್ತದೆ. ಅದರ ಕೊನೆಯ 2 ಬೈಟ್‌ಗಳಲ್ಲಿ ನಿಗದಿತ ಗುರುತು ಇದ್ದರೆ ಅದನ್ನು ಒಪ್ಪಿ ಕೆಲಸ ಒಪ್ಪಿಸುತ್ತದೆ. ಆ ಪುಟ್ಟ ಪ್ರೋಗ್ರಾಂ ಇನ್ನೊಂದನ್ನು, ಅದು ಮತ್ತೊಂದನ್ನು ಕರೆತಂದು ಕೊನೆಗೆ ವಿಂಡೋಸ್ ಅಥವಾ ಲಿನಕ್ಸ್‌ನ ಮೂಲಭಾಗವಾದ ಕರ್ನಲ್ ರ‍್ಯಾಮಿಗೆ ಬರುತ್ತದೆ.

ಈ ಪದ್ಧತಿಗೆ 2 ಟಿಬಿಗಿಂತ ದೊಡ್ಡ ಡಿಸ್ಕನ್ನು ಪೂರ್ತಿ ಬಳಸಲು ಆಗುತ್ತಿರಲಿಲ್ಲ. ಅದರ ಜಾಗಕ್ಕೆ ಬಂದದ್ದು ಯುಇಎಫ್‌ಐ. ಇದನ್ನು ನೋಡಿಕೊಳ್ಳುವ ಕಂಪನಿಗಳ ಒಕ್ಕೂಟ 2005ರಲ್ಲಿ ಆರಂಭವಾಯಿತು. ಯುಇಎಫ್‌ಐಗೆ ಕಡತ ಓದಲು ಬರುತ್ತದೆ. ಡಿಸ್ಕಿನ ಒಂದು ಸಣ್ಣ ವಿಭಾಗದಲ್ಲಿರುವ ಪ್ರಾರಂಭಿಕ ಕಡತವನ್ನು ಅದು ನೇರವಾಗಿ ಓದಿ ಓಡಿಸುತ್ತದೆ. 'ಸೆಕ್ಯೂರ್ ಬೂಟ್' ಆನ್ ಆಗಿದ್ದರೆ ಆ ಕಡತಕ್ಕೆ ನಂಬಿಕಸ್ಥರ ಡಿಜಿಟಲ್ ಸಹಿ ಇದೆಯೇ ಎಂದೂ ಪರೀಕ್ಷಿಸುತ್ತದೆ.

ಪರದೆಯಲ್ಲಿ ಕಂಪನಿಯ ಲಾಂಛನ ಬಂದು, ನಂತರ 'ನೋ ಬೂಟಬಲ್ ಡಿವೈಸ್' ಎಂಬ ಸಾಲು ಬಂದರೆ ಮದರ್‌ಬೋರ್ಡ್, ರ‍್ಯಾಮ್, ಡಿಸ್ಪ್ಲೇ ಕೆಲಸ ಮಾಡುತ್ತಿವೆ ಎಂದೇ ಅರ್ಥ. "ಬೋರ್ಡ್ ಹೋಗಿದೆ" ಎಂದರೆ ಒಪ್ಪಬೇಡಿ. ಮೊದಲು ಹಿಂದೆ ಮುಂದೆ ಯಾರಾದರೂ ಪೆನ್‌ಡ್ರೈವ್ ಚುಚ್ಚಿ ಮರೆತಿದ್ದಾರೆಯೇ ನೋಡಿ. ಬಯಾಸ್ ಅದರಿಂದಲೇ ಶುರುಮಾಡಲು ಹೋಗಿ ಸೋತಿರಬಹುದು. ಆಮೇಲೆ ಡಿಸ್ಕಿನ ವೈರ್ ಸಡಿಲವಾಗಿದೆಯೇ ನೋಡಿ.

5. ಕರ್ನಲ್ ಹಾಜರಿ ಕರೆಯುತ್ತದೆ

ಕರ್ನಲ್ ಬಂದ ಮೇಲೆ ಯಂತ್ರದಲ್ಲಿ ಯಾರು ಯಾರು ಇದ್ದಾರೆ ಎಂದು ತಾನೇ ಮತ್ತೊಮ್ಮೆ ಕೇಳಿಕೊಳ್ಳುತ್ತದೆ. ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕರೆದಂತೆ. ಡಿಸ್ಪ್ಲೇ, ನೆಟ್‌ವರ್ಕ್, ಧ್ವನಿ ಇಂಥವೆಲ್ಲ ಸಾಮಾನ್ಯವಾಗಿ ಪಿಸಿಐ ಎಂಬ ವ್ಯವಸ್ಥೆಯಲ್ಲಿ ಕೂತಿರುತ್ತವೆ. ಇದರ ಮೊದಲ ರೂಪ ಬಂದದ್ದು 1992ರಲ್ಲಿ. ಪ್ರತಿ ಜಾಗಕ್ಕೂ ಸಂಖ್ಯೆ ಇದೆ. ಕರ್ನಲ್ ಒಂದೊಂದೇ ಸಂಖ್ಯೆ ಕೂಗುತ್ತ ಹೋಗುತ್ತದೆ. ಯಾರೂ ಇಲ್ಲದ ಜಾಗದಿಂದ ಬರೀ ಒಂದುಗಳ ಸಾಲು ವಾಪಸ್ ಬರುತ್ತದೆ. ಇದ್ದವರು ಎರಡು ಸಂಖ್ಯೆ ಹೇಳುತ್ತಾರೆ: ತಯಾರಕರ ಸಂಖ್ಯೆ, ಮಾದರಿಯ ಸಂಖ್ಯೆ.

ಕಂಪ್ಯೂಟರ್ ಸಾಧನವನ್ನು ಗುರುತಿಸುವುದು ಮುಖ್ಯವಾಗಿ ಈ ಎರಡು ಸಂಖ್ಯೆಗಳಿಂದ. ಡಬ್ಬಿಯ ಮೇಲಿನ ಹೆಸರು ಅದಕ್ಕೆ ಬೇಕಿಲ್ಲ. ಪಿಸಿಐನಲ್ಲಿ ಇಂಟೆಲ್‌ನ ಸಂಖ್ಯೆ 8086. ಆ ಕಂಪನಿಯ ಹೆಸರಾಂತ ಹಳೆಯ ಪ್ರೊಸೆಸರಿನ ಹೆಸರೂ ಅದೇ. ಎಎಂಡಿಯ ಡಿಸ್ಪ್ಲೇ ಕಾರ್ಡುಗಳು 1002 ಎನ್ನುತ್ತವೆ. ಪರಿಚಯವಾದ ಮೇಲೆ ಪ್ರತಿಯೊಂದಕ್ಕೂ ಎಷ್ಟು ವಿಳಾಸದ ಜಾಗ ಬೇಕು ಎಂದು ಕೇಳಿ, ಒಬ್ಬರದು ಇನ್ನೊಬ್ಬರ ಮೇಲೆ ಬೀಳದಂತೆ ಹಂಚಲಾಗುತ್ತದೆ.

ಮೊದಲು ಹೀಗಿರಲಿಲ್ಲ. 1980ರ ದಶಕದಲ್ಲಿ, 90ರ ದಶಕದ ಆರಂಭದಲ್ಲಿ ಸೌಂಡ್ ಕಾರ್ಡ್ ಹಾಕಬೇಕಾದರೆ ಅದರ ಮೇಲಿನ 'ಜಂಪರ್' ಎಂಬ ಪುಟ್ಟ ತುಣುಕುಗಳನ್ನು ಕೈಯಿಂದ ಬದಲಿಸಿ, ಪ್ರೊಸೆಸರನ್ನು ಕರೆಯಲು ಅದು ಯಾವ ತಂತಿ ಬಳಸಬೇಕು ಎಂದು ನಾವೇ ನಿಗದಿ ಮಾಡಬೇಕಿತ್ತು. ಪ್ರಿಂಟರಿನ ಪೋರ್ಟಿಗೆ ಸಾಮಾನ್ಯವಾಗಿ 7ನೆಯದು ಮೀಸಲು. ಸೌಂಡ್ ಕಾರ್ಡಿಗೂ ಅದನ್ನೇ ಕೊಟ್ಟರೆ ಜಗಳ ಶುರು. 1995ರ ಆಗಸ್ಟ್ 24ರಂದು ಬಂದ ವಿಂಡೋಸ್ 95 'ಪ್ಲಗ್ ಅಂಡ್ ಪ್ಲೇ' ಎಂಬ ಹೆಸರಿನಲ್ಲಿ ಈ ಹಂಚಿಕೆಯನ್ನು ತಾನೇ ವಹಿಸಿಕೊಂಡಿತು. ದಾರಿ ಸುಗಮವಾಗಿರಲಿಲ್ಲ. 1998ರ ಏಪ್ರಿಲ್ 20ರಂದು ಷಿಕಾಗೋದ ಕಾಮ್ಡೆಕ್ಸ್ ಮೇಳದಲ್ಲಿ ಬಿಲ್ ಗೇಟ್ಸ್ ವೇದಿಕೆಯಲ್ಲಿರುವಾಗಲೇ ವಿಂಡೋಸ್ 98ಕ್ಕೆ ಸ್ಕ್ಯಾನರ್ ಜೋಡಿಸಿದರು. ಎಲ್ಲರ ಕಣ್ಣೆದುರು ನೀಲಿ ಪರದೆ ಬಂತು.

6. ಯುಎಸ್‌ಬಿ ಚುಚ್ಚಿದಾಗ ಏನಾಗುತ್ತದೆ

1996ರಲ್ಲಿ ಬಂದ ಯುಎಸ್‌ಬಿಯ ವಿಶೇಷ ಎಂದರೆ ಯಂತ್ರ ನಡೆಯುತ್ತಿರುವಾಗಲೇ ಸಾಧನ ಸೇರಿಸಬಹುದು. ಕೀಬೋರ್ಡ್, ಪ್ರಿಂಟರಿನಂಥ ಸಾಮಾನ್ಯ ಯುಎಸ್‌ಬಿ ಸಾಧನ ಬರುವ ಕ್ರಮ ಹೀಗಿದೆ:

• ಸಾಧನದೊಳಗಿನ ಒಂದು ರೋಧಕ ಎರಡು ಮಾಹಿತಿ ತಂತಿಗಳಲ್ಲಿ ಒಂದರ ವೋಲ್ಟೇಜನ್ನು ಮೇಲಕ್ಕೆತ್ತುತ್ತದೆ. ಯಾರೋ ಬಂದರು ಎಂದು ಪೋರ್ಟಿಗೆ ಗೊತ್ತಾಗುತ್ತದೆ. ಯಾವ ತಂತಿ ಎಂಬುದರಿಂದ ವೇಗದ ಬಗೆಯೂ ತಿಳಿಯುತ್ತದೆ.

• ಕಂಪ್ಯೂಟರ್ ಸ್ವಲ್ಪ ಕಾದು ಸಾಧನವನ್ನು ರೀಸೆಟ್ ಮಾಡುತ್ತದೆ. ಹೊಸಬರೆಲ್ಲರ ತಾತ್ಕಾಲಿಕ ವಿಳಾಸ 0.

• "ನೀನು ಯಾರು?" ಎಂದು ಕೇಳಿದಾಗ ಸಾಧನ 18 ಬೈಟ್‌ಗಳ ಪರಿಚಯ ಪತ್ರ ಕೊಡುತ್ತದೆ. ತಯಾರಕರ ಮತ್ತು ಮಾದರಿಯ ಸಂಖ್ಯೆಗಳು ಇದರಲ್ಲಿವೆ.

• 1ರಿಂದ 127ರವರೆಗಿನ ಒಂದು ಸ್ವಂತ ವಿಳಾಸ ಸಿಗುತ್ತದೆ.

• ನನಗೆ ಇಷ್ಟು ವಿದ್ಯುತ್ ಬೇಕು, ನಾನು ಇಂಥ ವರ್ಗದವನು ಎಂದು ಸಾಧನ ಹೇಳುತ್ತದೆ. ಯುಎಸ್‌ಬಿ 2ರಲ್ಲಿ ಇದು ಮುಗಿಯುವವರೆಗೆ 100 ಮಿಲಿ ಆಂಪಿಯರ್, ಒಪ್ಪಿಗೆ ಸಿಕ್ಕ ಮೇಲೆ 500ರವರೆಗೆ ಪಡೆಯಬಹುದು.

ಹೊರಗಿನ ಹಾರ್ಡ್‌ಡಿಸ್ಕ್ ಒಂದು ಪೋರ್ಟಿನಲ್ಲಿ ಬಂದು ಇನ್ನೊಂದರಲ್ಲಿ ಬಾರದಿರಲು, ಉದ್ದದ ವೈರಿನಲ್ಲಿ ಬಿಟ್ಟು ಬಿಟ್ಟು ಬರಲು ಹಲವು ಸಲ ಈ ವಿದ್ಯುತ್ತಿನ ಕೊರತೆಯೇ ಕಾರಣ. ಗಿಡ್ಡ ವೈರ್ ಹಾಕಿ, ಕ್ಯಾಬಿನೆಟ್ಟಿನ ಹಿಂಬದಿಯ ಪೋರ್ಟಿಗೆ ನೇರವಾಗಿ ಚುಚ್ಚಿ ನೋಡಿ.

7. ಡ್ರೈವರ್ ಹುಡುಕುವುದು

ಪರಿಚಯವಾದರೆ ಸಾಲದು, ಆ ಸಾಧನದ ಜೊತೆ ಮಾತನಾಡಲು ದುಭಾಷಿ ಬೇಕು. ಅದೇ ಡ್ರೈವರ್. ಕೀಬೋರ್ಡ್, ಮೌಸ್, ಪೆನ್‌ಡ್ರೈವ್ ತಮ್ಮ ವರ್ಗ ಹೇಳಿದರೆ ಸಾಕು, ಆ ವರ್ಗಕ್ಕೆಲ್ಲ ಹೊಂದುವ ಡ್ರೈವರ್ ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಮೊದಲೇ ಇದೆ. ಪ್ರಿಂಟರ್, ಸ್ಕ್ಯಾನರ್, ವೈಫೈ ತುಣುಕುಗಳಿಗೆ ಎಷ್ಟೋ ಸಲ ಪ್ರತ್ಯೇಕ ಡ್ರೈವರ್ ಬೇಕಾಗುತ್ತದೆ. ವಿಂಡೋಸ್ ಆ ಎರಡು ಸಂಖ್ಯೆ ಹಿಡಿದು ತನ್ನ ಸಂಗ್ರಹದಲ್ಲಿ, ನಂತರ ಇಂಟರ್ನೆಟ್ಟಿನಲ್ಲಿ ಹುಡುಕುತ್ತದೆ. ಸಿಗದಿದ್ದರೆ 'ಅನ್‌ನೋನ್ ಡಿವೈಸ್' ಎಂದು ಹಳದಿ ಗುರುತು ಹಾಕುತ್ತದೆ.

ಆಗ ಡಿವೈಸ್ ಮ್ಯಾನೇಜರಿನಲ್ಲಿ ಆ ಸಾಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ. ಅಲ್ಲಿ 'ಕೋಡ್ 28' ಎಂದಿದ್ದರೆ ಸಾಧನ ಸರಿಯಿರಬಹುದು, ಡ್ರೈವರ್ ಮಾತ್ರ ಇಲ್ಲ. 'ಕೋಡ್ 43' ಎಂದಿದ್ದರೆ ಸಾಧನವೇ ತೊಂದರೆ ಹೇಳಿದೆ ಅಥವಾ ಪರಿಚಯ ಪತ್ರ ಸರಿಯಾಗಿ ಕೊಟ್ಟಿಲ್ಲ. ವೈರ್, ಪೋರ್ಟ್ ಬದಲಿಸಿ ನೋಡಬೇಕು. 'ಡೀಟೇಲ್ಸ್' ಪುಟದಲ್ಲಿ 'ಹಾರ್ಡ್‌ವೇರ್ ಐಡಿಸ್' ಆರಿಸಿದರೆ ಎರಡು ಸಂಖ್ಯೆಗಳೂ ಕಾಣುತ್ತವೆ. ಯುಎಸ್‌ಬಿಯಲ್ಲಿ 03ಎಫ್0 ಎಂದಿದ್ದರೆ ಅದು ಎಚ್‌ಪಿ. ಲೇಬಲ್ ಹರಿದುಹೋದ ಪ್ರಿಂಟರಾದರೂ ಈ ಸಂಖ್ಯೆಯಿಂದ ಮಾದರಿ ತಿಳಿದುಕೊಂಡು ತಯಾರಕರ ತಾಣದಿಂದಲೇ ಡ್ರೈವರ್ ಪಡೆಯಬಹುದು. 'ಎಲ್ಲ ಡ್ರೈವರ್ ಒಂದೇ ಕಡೆ' ಎನ್ನುವ ತಾಣಗಳ ಸಹವಾಸ ಬೇಡ.

ಇನ್ನೆರಡು ವಿಷಯ. 32 ಬಿಟ್ ಕಾಲದ ಡ್ರೈವರ್ 64 ಬಿಟ್ ವಿಂಡೋಸ್‌ನಲ್ಲಿ ನಡೆಯುವುದಿಲ್ಲ. ಹೊಸ ಕಂಪ್ಯೂಟರಿಗೆ ಹಳೆಯ ಪ್ರಿಂಟರ್ ಹೊಂದದಿರಲು ಇದೊಂದು ಕಾರಣ. ಇಂಥ ಹಲವು ಪ್ರಿಂಟರ್‌ಗಳು ಲಿನಕ್ಸ್‌ನಲ್ಲಿ ನಡೆಯುತ್ತವೆ. ಮತ್ತೆ, ವಿಂಡೋಸ್ 8ರಿಂದೀಚೆಗೆ 'ಫಾಸ್ಟ್ ಸ್ಟಾರ್ಟಪ್' ಇರುವ ಯಂತ್ರದಲ್ಲಿ 'ಶಟ್ ಡೌನ್' ಮಾಡಿದರೆ ಕರ್ನಲ್ ಪೂರ್ತಿ ಮುಚ್ಚುವುದಿಲ್ಲ, ತನ್ನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಹೊಸ ಸಾಧನ ಕಾಣದಿದ್ದರೆ 'ರೀಸ್ಟಾರ್ಟ್' ಮಾಡಿ. ಹಾಜರಿ ಮೊದಲಿನಿಂದ ಶುರುವಾಗುವುದು ಅದರಿಂದಲೇ.

8. ಕೀಬೋರ್ಡಿಗೆ ಕನ್ನಡ ಬರುತ್ತದೆಯೇ?

ಕನ್ನಡ ಟೈಪಿಸಲು ಬೇರೆ ಕೀಬೋರ್ಡ್ ಕೊಳ್ಳಬೇಕೇ ಎಂದು ಸದಸ್ಯರು ಕೇಳುವುದುಂಟು. ಬೇಡ. ಕೀಬೋರ್ಡಿಗೆ ಯಾವ ಭಾಷೆಯೂ ಗೊತ್ತಿಲ್ಲ. 'ಡಿ' ಕೀಲಿ ಒತ್ತಿದರೆ ಯುಎಸ್‌ಬಿ ಕೀಬೋರ್ಡ್ ಕಳಿಸುವುದು 7 ಎಂಬ ಸಂಖ್ಯೆ ಮಾತ್ರ. ಅದನ್ನು ಅಕ್ಷರವಾಗಿಸುವುದು ಕಂಪ್ಯೂಟರಿನಲ್ಲಿರುವ ವಿನ್ಯಾಸ. ಕೆ.ಪಿ. ರಾವ್ ವಿನ್ಯಾಸದಲ್ಲಿ ಅದು 'ದ' ಆಗುತ್ತದೆ, ಇನ್‌ಸ್ಕ್ರಿಪ್ಟ್‌ನಲ್ಲಿ ಅರ್ಧಾಕ್ಷರದ ಚಿಹ್ನೆಯಾಗುತ್ತದೆ. ವಿಂಡೋಸ್ ಎಕ್ಸ್‌ಪಿಯಿಂದ ಈಚೆಗೆ ಕನ್ನಡದ ಕೀಲಿ ವಿನ್ಯಾಸ ವಿಂಡೋಸ್‌ನ ಒಳಗೇ ಇದೆ. ಭಾಷೆಯ ಪಟ್ಟಿಯಲ್ಲಿ ಸೇರಿಸಿಕೊಂಡರೆ ಸಾಕು.

9. ಎಲ್ಲಿ ನಿಂತಿತು? ಒಂದು ನೋಟ

• ಏನೂ ಸದ್ದಿಲ್ಲ: ಪ್ಲಗ್, ಯುಪಿಎಸ್, ಎಸ್‌ಎಂಪಿಎಸ್. ಕಡತಗಳಿಗೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ.

• ಫ್ಯಾನ್ ಇದೆ, ಪರದೆ ಕಪ್ಪು: ರ‍್ಯಾಮ್, ಡಿಸ್ಪ್ಲೇ ಕಾರ್ಡ್, ಎಸ್‌ಎಂಪಿಎಸ್, ಕೊನೆಗೆ ಬೋರ್ಡ್. ಕಡತಗಳು ಸಾಮಾನ್ಯವಾಗಿ ಕ್ಷೇಮ.

• ದಿನಾಂಕ ತಪ್ಪು: ನಾಣ್ಯದ ಬ್ಯಾಟರಿ. ಕಡತಗಳು ಕ್ಷೇಮ.

• ಲಾಂಛನ ಬಂದು 'ನೋ ಬೂಟಬಲ್ ಡಿವೈಸ್': ಪೆನ್‌ಡ್ರೈವ್, ವೈರ್, ಬಯಾಸ್ ಆಯ್ಕೆ ಅಥವಾ ಡಿಸ್ಕ್. ಇಲ್ಲಿ ಎಚ್ಚರ ಬೇಕು.

• ಹಾರ್ಡ್‌ಡಿಸ್ಕಿನಿಂದ 'ಟಿಕ್ ಟಿಕ್' ಸದ್ದು: ಕೂಡಲೇ ಆರಿಸಿ, ಮತ್ತೆ ಮತ್ತೆ ಶುರುಮಾಡಬೇಡಿ. ಒಳಗಿರುವುದು ಬೆಲೆಬಾಳುವುದಾದರೆ ಡೇಟಾ ರಿಕವರಿ ಮಾಡುವವರಿಗೇ ಕೊಡಿ.

• ವಿಂಡೋಸ್ ಅರ್ಧ ಬಂದು ನಿಂತಿತು: ಡ್ರೈವರ್, ವಿಂಡೋಸ್‌ನ ಕಡತ ಅಥವಾ ಡಿಸ್ಕ್. ನಮ್ಮ ಕಡತಗಳನ್ನು ಹೊರತೆಗೆಯುವ ಅವಕಾಶ ಹೆಚ್ಚಾಗಿ ಇರುತ್ತದೆ.

ಅಂಗಡಿಗೆ ಕೊಡುವಾಗ ಒಂದು ಮಾತು ಹೇಳಲು ಮರೆಯಬೇಡಿ: "ಮೊದಲು ಡೇಟಾ ತೆಗೆಯಿರಿ, ಆಮೇಲೆ ವಿಂಡೋಸ್ ಹಾಕಿ." ಹೊಸದಾಗಿ ವಿಂಡೋಸ್ ಹಾಕುವಾಗ ಡಿಸ್ಕ್ ಅಳಿಸಿಬಿಡುವುದು ಅವರಿಗೆ ವಾಡಿಕೆ. ಕಂಪ್ಯೂಟರ್ ಪೂರ್ತಿ ಸತ್ತಿದ್ದರೂ ಅದರ ಡಿಸ್ಕನ್ನು ಬಿಚ್ಚಿ, ಸಾಟಾದಿಂದ ಯುಎಸ್‌ಬಿಗೆ ಜೋಡಿಸುವ ವೈರಿನ ಮೂಲಕ ಇನ್ನೊಂದು ಕಂಪ್ಯೂಟರಿಗೆ ಹಾಕಿದರೆ, ಡಿಸ್ಕ್ ಸರಿಯಿದ್ದಲ್ಲಿ ಕಡತಗಳು ಕಾಣುತ್ತವೆ. ಆ ಹೊತ್ತಿಗೆ ವಿಂಡೋಸ್ "ಫಾರ್ಮ್ಯಾಟ್ ಮಾಡಲೇ?" ಎಂದು ಕೇಳಿದರೆ ಬೇಡ ಎನ್ನಿ.

ಹೊರತೆಗೆದ ಹಳೆಯ ನುಡಿ, ಬರಹ ಕಡತ ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಕಂಡರೆ ಕೆಟ್ಟಿದೆ ಎಂದು ಅಳಿಸಬೇಡಿ. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಫಾಂಟಿನಲ್ಲಿ ಬರೆದದ್ದು ಹಾಗೆ ಕಾಣುತ್ತದೆ. ಅದೇ ಫಾಂಟ್ ಹಾಕಿದರೆ, ಇಲ್ಲವೇ ಪರಿವರ್ತಕದಿಂದ ಯೂನಿಕೋಡಿಗೆ ತಂದರೆ, ಇಪ್ಪತ್ತು ವರ್ಷದ ಹಿಂದಿನ ಸಭೆಯ ನಡಾವಳಿಯೂ ಓದಲು ಬರುತ್ತದೆ.

ನಿಮ್ಮ ಊರಿನ ಕಚೇರಿಯ ಕಂಪ್ಯೂಟರ್ ಈಗ ಚೆನ್ನಾಗಿ ನಡೆಯುತ್ತಿದ್ದರೆ, ಇದನ್ನು ಓದಿದ ದಿನವೇ ಅದರ ಕಡತಗಳ ಎರಡು ಪ್ರತಿ ಮಾಡಿ. ಒಂದು ಕಚೇರಿಯಲ್ಲಿರಲಿ, ಇನ್ನೊಂದು ಯಾರಾದರೂ ಸದಸ್ಯರ ಮನೆಯಲ್ಲಿರಲಿ.